ಮಡಿಲುಪ್ಪು

ಮಾರ್ಚ್ ೬, ಸಂಜೆ

ಮಗಳು ಇಂದೂ ತಡವಾಗಿ ಬಂದಳು. ಉಪ್ಪಿನ ಕಾರ್ಖಾನೆಯಲ್ಲಿ ಪುನಃ ತಕರಾರು. ಉಪ್ಪಿಗೆ ಅಯೋಡಿನ್ ನೀರು ಸಿಂಪಡಿಸುವ ಯಂತ್ರದ ಮೂತಿಗಳು ಕಟ್ಟಿಕೊಂಡಿದ್ದವಂತೆ. ಬೆಲ್ಟಿನ ನಡುವೆ ಸಾಗುವ ಉಪ್ಪು ತೊಯ್ಯುತ್ತದೆ; ಅಂಚಿನದು ಒಣಗಿದಂತೆಯೇ ಚೀಲ ಸೇರುತ್ತದೆ. ಪರೀಕ್ಷೆಗೆ ಮಾತ್ರ ನಡುವಿನಿಂದಲೇ ಚಿಟಿಕೆ ತೆಗೆಯುವುದು ಅಲ್ಲಿಯ ರೂಢಿ. ಔಷಧದ ಹನಿ ಬಿಟ್ಟರೆ ನೇರಳೆ ಬಣ್ಣ ಏಳುತ್ತದೆ, ಎಲ್ಲರಿಗೂ ಸಮಾಧಾನ. ಪರೀಕ್ಷೆ ಕೋಣೆಯಲ್ಲಿ ಕೆಲಸ ಮಾಡುವ ಈಕೆ ಅಂಚಿನಿಂದ ತೆಗೆದಳು. ಬೆಳ್ಳಗೇ ಉಳಿಯಿತು. ಯಂತ್ರವನ್ನೇ ನಿಲ್ಲಿಸಿಬಿಟ್ಟಳು.

"ಮ್ಯಾನೇಜರ್ ಏನಂದ?"

"ಏನಮ್ಮಾ, ಉಪ್ಪಲ್ಲೂ ಕಲ್ಲು ಹುಡುಕ್ತೀಯಲ್ಲ ಅಂದ್ರು."

"ನೀನು?"

"ಕಲ್ಲುಪ್ಪು ಸಾರ್, ಹುಡುಕದೇನೇ ಸಿಗುತ್ತೆ ಅಂದೆ."

ನಗು ತಡೆಯಲಾಗಲಿಲ್ಲ. ನ್ಯಾಯಾಲಯದ ನಕಲು ವಿಭಾಗದಲ್ಲಿ ಆಯುಷ್ಯ ಸವೆಸಿದವನ ಮಗಳು. ಒಂದಕ್ಷರ ತಪ್ಪಿದರೂ ಇಡೀ ಹಾಳೆ ಹರಿದು ಹೊಸದಾಗಿ ಬರೆಯುತ್ತಿದ್ದವನ ಮಗಳು. ಬೇರೆ ಹೇಗಿದ್ದಾಳು?

ಮೊಮ್ಮಗಳು ಯಾನೆ ಬಟಾಣಿ ಎಂದಿನಂತೆ ಬಾಗಿಲ ಬಳಿ ಕುಳಿತಿದ್ದಳು. ಹಠವಿಲ್ಲ, ಅಳುವಿಲ್ಲ. ನಾಲ್ಕನೆಯ ವರ್ಷ ನಡೆಯುತ್ತಿದೆ. ಮಾತು ಇನ್ನೂ ಬಂದಿಲ್ಲವೆಂದೇ ಹೇಳಬೇಕು. ಗಂಭೀರ ಸ್ವಭಾವ. ನಮ್ಮ ವಂಶದಲ್ಲಿ ಬಾಯಿಬಡುಕರು ಹುಟ್ಟಿದ್ದಿಲ್ಲ.

ಮಾರ್ಚ್ ೯

ಸಂಬಳದ ದಿನ. ಮಡಿಲುಪ್ಪು ಬಂತು.

ಕಾರ್ಖಾನೆ ಆರಂಭವಾದಂದಿನಿಂದ ನಡೆದುಬಂದ ಪದ್ಧತಿ. ಸಂಬಳವಾದೊಡನೆ ಹೆಂಗಸರು ಅಂಗಳದ ರಾಶಿಯ ಮುಂದೆ ಸಾಲಾಗಿ ನಿಂತು ಸೆರಗು ಒಡ್ಡುತ್ತಾರೆ. ಮೇಸ್ತ್ರಿ ಮೊರದಲ್ಲಿ ಉಪ್ಪು ತುಂಬಿ ಮಡಿಲಿಗೆ ಸುರಿಯುತ್ತಾನೆ. ಉಪ್ಪುನೀರಿನ ಕೆರೆಯಿಂದ ಎತ್ತಿ ಒಣಗಿಸಿದ, ಯಂತ್ರ ಮುಟ್ಟದ ಉಪ್ಪು. ಗಾಜಿನ ಚೂರಿನಂತೆ ಹೊಳೆಯುವ ಹರಳು. ನನ್ನಾಕೆ ಬದುಕಿದ್ದಷ್ಟು ಕಾಲ ತಂದಳು, ಈಗ ಮಗಳು ತರುತ್ತಾಳೆ. ಅಂಗಡಿಯ ಪೊಟ್ಟಣದ ಉಪ್ಪು ನಮ್ಮ ಓಣಿಯ ಯಾವ ಹೊಸಿಲನ್ನೂ ದಾಟಿದ್ದಿಲ್ಲ. ಪೊಟ್ಟಣ ಊರಿನವರಿಗೆ, ರಾಶಿ ನಮಗೆ. ಇದು ನಮ್ಮ ಹೆಮ್ಮೆ.

ಬುಟ್ಟಿ ಅಕ್ಕ ಜೊತೆಗೆ ಬಂದಿದ್ದಳು. ಉಪ್ಪಿನ ಬುಟ್ಟಿ ಹೊತ್ತೇ ಮುದುಕಿಯಾದವಳು. ಕುತ್ತಿಗೆಯ ಮುಂದೆ ನಿಂಬೆಹಣ್ಣಿನ ಗಾತ್ರದ ಗಂಟು. ನನ್ನಾಕೆಗೂ ಇತ್ತು. ತಲೆಹೊರೆಯಿಂದ ಬರುವುದೆಂದು ಓಣಿಯ ನಂಬಿಕೆ. ಮಗಳು ಎಂದೂ ಬುಟ್ಟಿ ಹೊತ್ತವಳಲ್ಲ, ಆದರೂ ಈಚೆಗೆ ಅವಳ ಕುತ್ತಿಗೆಯೂ ತುಂಬಿಕೊಂಡಂತಿದೆ.

"ಅದು ಬಸುರಿ ಕಳೆ," ಎಂದಳು ಅಕ್ಕ.

ಹೌದು. ಇನ್ನೊಂದು ಮಗು ಬರಲಿದೆ. ಎರಡು ತಿಂಗಳಾಗಿದೆಯಂತೆ. ಲಾರಿ ಓಡಿಸಲು ದೂರ ಹೋಗಿರುವ ಅಳಿಯನಿಗೆ ಫೋನಿನಲ್ಲಿ ತಿಳಿಸಲಾಯಿತು.

ಮಾರ್ಚ್ ೧೪

ಬಸುರಿಯ ತಪಾಸಣೆಗೆ ಆಸ್ಪತ್ರೆಗೆ ಹೋದೆವು. ಬಟಾಣಿ ನನ್ನ ತೊಡೆಯ ಮೇಲೆ.

ಡಾಕ್ಟರಮ್ಮ ಸಣ್ಣ ವಯಸ್ಸಿನಾಕೆ. ಮಗಳ ಹೊಟ್ಟೆ ನೋಡುವ ಮೊದಲು ಕುತ್ತಿಗೆ ಮುಟ್ಟಿ ನೋಡಿದರು. ಎಂಜಲು ನುಂಗಲು ಹೇಳಿದರು. ಆಮೇಲೆ ಬಟಾಣಿಯತ್ತ ತಿರುಗಿದವರು ಅಲ್ಲಿಯೇ ನಿಂತರು.

"ಇವಳು ಯಾವಾಗ ನಡೆದಳು?"

"ಸ್ವಲ್ಪ ನಿಧಾನ..." ಎಂದಳು ಮಗಳು.

"ಏನೇನು ಮಾತಾಡ್ತಾಳೆ?"

"ಮಿತಭಾಷಿ," ಎಂದೆ.

ಡಾಕ್ಟರಮ್ಮ ನನ್ನ ಮುಖ ನೋಡಿದರು. ಬಟಾಣಿಯ ನಾಲಿಗೆ ನೋಡಿದರು, ಚರ್ಮ ಸವರಿದರು, ಕೈಕಾಲು ಅಳೆದರು. ಬಳಿಕ ಮಗಳನ್ನು ಕೇಳಿದರು.

"ಮನೇಲಿ ಯಾವ ಉಪ್ಪು ಬಳಸ್ತೀರಿ?"

ಮಗಳು ನಕ್ಕಳು. "ನನ್ನನ್ನೇ ಕೇಳ್ತೀರಾ ಡಾಕ್ಟ್ರೇ? ಇಡೀ ಜಿಲ್ಲೆ ತಿನ್ನೋ ಉಪ್ಪಿಗೆ ಅಯೋಡಿನ್ ಹಾಕೋಳೇ ನಾನು!"

"ಅದಲ್ಲಮ್ಮ. ನಿಮ್ಮ ಮನೇಲಿ ಯಾವುದು?"

ನಗು ಅರ್ಧಕ್ಕೆ ನಿಂತಿತು. ಕಣ್ಣಾರೆ ಕಂಡೆ.

ಮಾರ್ಚ್ ೧೫, ಮಧ್ಯಾಹ್ನ

ಅರ್ಧ ದಿನ ರಜೆ ಹಾಕಿ ಬಂದಳು. ಚೀಲದಲ್ಲಿ ಕಾರ್ಖಾನೆಯ ಹನಿ ಬಾಟಲಿ. ಚಪ್ಪಲಿ ಬಿಡಲಿಲ್ಲ, ಕೈ ತೊಳೆಯಲಿಲ್ಲ. ನೇರ ಅಡುಗೆ ಮನೆಗೆ. ಜಾಡಿಯಿಂದ ಚಿಟಿಕೆ ಉಪ್ಪನ್ನು ತಟ್ಟೆಗೆ ಹಾಕಿದಳು. ಹನಿ ಬಿಟ್ಟಳು.

ಬೆಳ್ಳಗೆ.

ತಳದಿಂದ ತೆಗೆದಳು. ಬೆಳ್ಳಗೆ. ಮೇಲಿನಿಂದ, ಪಕ್ಕದಿಂದ, ಮೊನ್ನೆ ತಂದ ಗಂಟಿನಿಂದ... ತಟ್ಟೆಯ ತುಂಬ ಒದ್ದೆ ಉಪ್ಪು. ಒಂದರಲ್ಲಿಯೂ ಬಣ್ಣವಿಲ್ಲ.

"ಬಾಟಲಿ ಹಳೆಯದಿರಬಹುದು," ಎಂದೆ.

ಉತ್ತರವಾಗಿ ರವಿಕೆಯೊಳಗಿಂದ ಒಂದು ಪೊಟ್ಟಣ ತೆಗೆದಳು. ಬೆಲ್ಟಿನ ಕೊನೆಯಿಂದ ಕಟ್ಟಿ ತಂದಿದ್ದು. ಅದಕ್ಕೂ ಹನಿ ಬಿಟ್ಟಳು. ನೇರಳೆ. ಎಷ್ಟು ಗಾಢವೆಂದರೆ ತಟ್ಟೆಗೆ ಪೆಟ್ಟು ಬಿದ್ದು ಕಂದಿದಂತೆ.

"ಊರಿಗೆಲ್ಲ ಇದು," ಎಂದಳು. "ನಮಗೆ ಅದು." ನೆಲದ ಮೇಲೆ ಕುಳಿತಳು. "ಅಪ್ಪಾ, ಅವಳು ಹೊಟ್ಟೇಲಿದ್ದಾಗ ನಾನು ಪರೀಕ್ಷೆ ರೂಮಲ್ಲೇ ಇದ್ದೆ. ಈ ಬಾಟಲಿ ಕೈಯಲ್ಲೇ ಇತ್ತು."

ಮಾರ್ಚ್ ೨೧

ರಕ್ತಪರೀಕ್ಷೆಯ ವರದಿ ಬಂದಿದೆ. ಅಯೋಡಿನ್ ಕೊರತೆ; ಕುತ್ತಿಗೆಯ ಗಂಟಿಗೂ ಅದೇ ಮೂಲವಂತೆ. ತಾಯಿಗೂ ಮಗಳಿಗೂ ಮಾತ್ರೆ. ಡಾಕ್ಟರಮ್ಮ ನುಡಿದದ್ದನ್ನು ಯಥಾವತ್ತಾಗಿ ದಾಖಲಿಸುತ್ತೇನೆ. ನಕಲು ಮಾಡುವುದೊಂದೇ ನಾನು ಬಲ್ಲ ವಿದ್ಯೆ.

"ಹೊಟ್ಟೇಲಿರೋ ಮಗು ಚೆನ್ನಾಗಿರುತ್ತೆ. ಸರಿಯಾದ ಹೊತ್ತಿಗೆ ಬಂದಿದ್ದೀರಿ."

"ಇವಳು?" ಎಂದು ಕೇಳಿದವನು ನಾನು.

"ಮಾತ್ರೆಯಿಂದ ಎತ್ತರ ಬೆಳೀತಾಳೆ. ಮೈ ಚುರುಕಾಗುತ್ತೆ, ಮಲಬದ್ಧತೆ ಹೋಗುತ್ತೆ. ಆದ್ರೆ ತಾಯಿ ಹೊಟ್ಟೇಲಿ ಮಿದುಳು ಬೆಳೆಯೋ ಹೊತ್ತಲ್ಲಿ ಏನು ಸಿಗಲಿಲ್ವೋ, ಅದನ್ನ ಈಗ ತುಂಬಿಸೋಕಾಗಲ್ಲ, ಯಜಮಾನ್ರೇ. ಕಲಿಸ್ತಾ ಹೋಗಿ. ಕಲಿತಷ್ಟು ಕಲೀತಾಳೆ."

"ಇದಕ್ಕೆ ಮೇಲ್ಮನವಿ ಉಂಟೋ?"

ತಮಾಷೆಗೆ ಕೇಳಿದ್ದಲ್ಲ. ಆಕೆಯೂ ನಗಲಿಲ್ಲ. ಇಲ್ಲವೆಂದು ತಲೆಯಾಡಿಸಿದರು.

ಹೊರಗೆ ಬೆಂಚಿನ ಮೇಲೆ ಬಟಾಣಿ ನನ್ನ ಅಂಗಿಯ ಗುಂಡಿಯನ್ನು ತಿರುಗಿಸುತ್ತ ಕುಳಿತಿದ್ದಳು. ಮುಖದಲ್ಲಿ ಮಂದಹಾಸ. ಯಾವ ದೂರೂ ಇಲ್ಲ.

ಏಪ್ರಿಲ್ ೨

ಕಾರ್ಖಾನೆಯ ಮ್ಯಾನೇಜರರಿಗೆ ಅರ್ಜಿ ಸಿದ್ಧಪಡಿಸಿದೆ. ಜಮೀನು, ಪಿಂಚಣಿ, ದಾರಿಯ ಹಕ್ಕು, ಜನನ, ಮರಣ — ಓಣಿಯವರಿಗೆಲ್ಲ ಅರ್ಜಿ ಬರೆದುಕೊಟ್ಟವನು. ಅರ್ಜಿದಾರನೆಂದು ಸ್ವಂತ ಹೆಸರು ಬರೆದದ್ದು ಇದೇ ಮೊದಲು. ಪ್ರಾರ್ಥನೆ ಸ್ಪಷ್ಟವಾಗಿದೆ: ಕಾರ್ಮಿಕರಿಗೆ ವಿತರಿಸಲಾಗುವ ಮಡಿಲುಪ್ಪನ್ನು ಇನ್ನು ಮುಂದೆ ರಾಶಿಯಿಂದಲ್ಲದೆ, ಬೆಲ್ಟಿನ ಕೊನೆಯಲ್ಲಿ ಪರೀಕ್ಷೆಗೊಳಪಟ್ಟ ಚೀಲದಿಂದಲೇ ಅಳೆದು ನೀಡತಕ್ಕದ್ದು.

ಮಗಳಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದಳು.

"ಅಪ್ಪಾ, ಬಟಾಣಿ ಇದರಲ್ಲಿ ಎಲ್ಲಿದ್ದಾಳೆ?"

"ಮೂರನೇ ಪ್ಯಾರಾ. 'ಸದರಿ ಪದ್ಧತಿಯಿಂದ ಅರ್ಜಿದಾರನ ಕುಟುಂಬಕ್ಕೆ ಉಂಟಾಗಿರುವ ತೊಂದರೆಯನ್ನು ಗಮನಿಸಿ...'"

"ತೊಂದರೆ?" ಎಂದಳು. "ಬಸ್ಸು ತಪ್ಪಿದ್ರೆ ತೊಂದರೆ, ಅಪ್ಪಾ."

ಎದ್ದು ಹೋದಳು. ಆ ಶಬ್ದವನ್ನು ಹೊಡೆದುಹಾಕಿದೆ. ಬಾಧೆ ಎಂದು ಬರೆದೆ. ಅದನ್ನೂ ಹೊಡೆದೆ. ನಷ್ಟ. ಹಾನಿ. ಅನ್ಯಾಯ... ಒಂದು ಜನ್ಮ ಬೇರೆಯವರ ದುಃಖಗಳಿಗೆ ಚೆಂದದ ಪ್ರತಿ ತೆಗೆದವನಲ್ಲಿ ತನ್ನ ಪಾಲಿಗೆ ಒಂದು ಶಬ್ದವಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದೆ.

ಏಪ್ರಿಲ್ ೫

ಮ್ಯಾನೇಜರ್ ನಿಂತುಕೊಂಡೇ ಓದಿದರು.

"ಇಷ್ಟೇನಾ? ಆಯ್ತಲ್ಲ. ಈ ಸಂಬಳದಿಂದಲೇ ಚೀಲದ ಉಪ್ಪು ಕೊಡಿಸ್ತೀನಿ. ಇದಕ್ಕೆ ಅರ್ಜಿ ಯಾಕೆ ಬೇಕಿತ್ತು ಹಿರಿಯರೇ, ಬಾಯಲ್ಲಿ ಹೇಳಿದ್ದರೆ ಸಾಕಿತ್ತು."

ಎಷ್ಟೋ ವಾದಗಳನ್ನು ಕಟ್ಟಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ.

ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಇಷ್ಟು ವರ್ಷಗಳಲ್ಲಿ ಯಾರಾದರೊಬ್ಬರು, ಎಂದಾದರೊಮ್ಮೆ. ಗೇಟಿನಿಂದ ಮನೆಗೆ ನಡೆಯುವಷ್ಟರಲ್ಲಿ ಆ ಮಾತು ಎದೆಯ ಮೇಲೆ ಕಲ್ಲಾಗಿ ಕುಳಿತಿತು.

ಏಪ್ರಿಲ್ ೯

ಸಂಬಳದ ದಿನ. ಬಟಾಣಿಯನ್ನು ಎತ್ತಿಕೊಂಡು ನಾನೂ ಅಂಗಳಕ್ಕೆ ಹೋಗಿದ್ದೆ. ಮೇಸ್ತ್ರಿ ಪರೀಕ್ಷೆಯಾದ ಚೀಲ ಬಿಚ್ಚಿಟ್ಟು ಮೊರ ಹಿಡಿದು ನಿಂತಿದ್ದ. ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೂರ ಸರಿದರು.

"ಅರ್ಜಿ ಯಜಮಾನ್ರೇ," ಎಂದಳು ಬುಟ್ಟಿ ಅಕ್ಕ, ಎಲ್ಲರಿಗೂ ಕೇಳುವಂತೆ. "ನಮ್ಮ ಮಡಿಲಿಗೆ ಏನು ಬೀಳಬೇಕು ಅಂತ ಬರೆಯೋಕೆ ನೀವ್ಯಾರು? ಕೆರೆ ನಮ್ಮದು, ಬೆವರು ನಮ್ಮದು. ಔಷಧಿ ಉಪ್ಪು ರೋಗಿಷ್ಟರಿಗೆ ಕೊಡ್ರಿ!"

ಮಗಳು ಎರಡೂ ಉಪ್ಪಿಗೆ ಹನಿ ಬಿಟ್ಟು ತೋರಿಸಿದಳು. ಒಂದು ಬೆಳ್ಳಗೆ, ಒಂದು ನೇರಳೆ.

"ನೋಡ್ರೇ, ಬಣ್ಣ ಬಂತು! ಕಣ್ಣೆದುರೇ ವಿಷ ಅಂತ ತೋರಿಸ್ತಾ ಇದ್ದಾಳೆ!"

ಎಲ್ಲರೂ ನಕ್ಕರು. ಮಗಳು ನನ್ನ ಕೈಯಿಂದ ಬಟಾಣಿಯನ್ನು ಎತ್ತಿಕೊಂಡು ಹೋಗಿ ಅಕ್ಕನ ಮುಂದೆ ನಿಂತಳು.

"ಅಕ್ಕಾ, ಇವಳು ಹುಟ್ಟಿದಾಗ ಮೊದಲು ಎತ್ತಿಕೊಂಡೋಳು ನೀನು. ಇವಳು ಎಲ್ಲ ಮಕ್ಕಳ ಹಾಗಿಲ್ಲ ಅಂತ ನಿನಗೆ ಗೊತ್ತಿತ್ತು ತಾನೇ?"

ನಗು ಅಡಗಿತು. ಅಕ್ಕ ಮಗುವಿನ ಕಾಲನ್ನು ಹಿಡಿದುಕೊಂಡಳು.

"ಗೊತ್ತಿತ್ತು ಕಣೇ. ಓಣಿಗೆಲ್ಲ ಗೊತ್ತಿತ್ತು. ನಿಮ್ಮಪ್ಪ ಅಷ್ಟು ಹೆಮ್ಮೆಯಿಂದ ಗಂಭೀರ, ಗಂಭೀರ ಅಂತ ಹೇಳ್ಕೊಂಡು ಓಡಾಡ್ತಿದ್ರು. ಯಾವ ಬಾಯಲ್ಲಿ ಹೇಳೋದು?"

"ನಿನ್ನ ಸೊಸೆನೂ ಬಸುರಿ, ಅಕ್ಕಾ."

ಅಕ್ಕ ಸೊಂಟದಿಂದ ಸೆರಗು ಬಿಡಿಸಿದಳು. ಮೇಸ್ತ್ರಿಯ ಮುಂದೆ ಒಡ್ಡಿದಳು. "ಹಾಕು," ಎಂದಳು, ನಮ್ಮ ಕಡೆ ನೋಡದೆ.

ಆಮೇಲೆ ಸಾಲು ತಾನಾಗಿ ಕೂಡಿತು. ಗೆದ್ದೆವೆಂದು ಹೇಳಬೇಕು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ.

ಅಕ್ಟೋಬರ್ ೧೭

ಇಷ್ಟು ದಿನ ಬರೆಯಲಿಲ್ಲ. ಬರೆಯತಕ್ಕದ್ದೂ ಇರಲಿಲ್ಲ.

ಹೆಣ್ಣುಮಗು. ತಾಯಿ ಮಗು ಕ್ಷೇಮ. ಹಿಮ್ಮಡಿಯಿಂದ ರಕ್ತ ತೆಗೆದು ಪರೀಕ್ಷಿಸಿದರು, ಎಲ್ಲವೂ ಸರಿ. ಹಾಲಿಗಾಗಿ ಅತ್ತ ಅಳು ಮೂರು ಬಾಗಿಲುಗಳಾಚೆಗೂ ಕೇಳುತ್ತಿತ್ತು. ಅಳಿಯ ಓಡಾಡಿ ಎಲ್ಲರಿಗೂ ಹೇಳಿದ: "ಏನು ಗಂಟಲು! ಲಾರಿ ಹಾರ್ನ್ ಬೇಡ ಇನ್ನು!"

ಒಳಗೆ ಹೋದೆ. ಮಗಳು ಗೋಡೆಯತ್ತ ತಿರುಗಿ ಮಲಗಿದ್ದಳು. ನೋವೇ ಎಂದು ಕೇಳಿದೆ.

"ಮಕ್ಕಳು ಹೀಗೆ ಅಳ್ತವಾ, ಅಪ್ಪಾ? ನನಗೆ ಗೊತ್ತೇ ಇರಲಿಲ್ಲ. ಅವಳು ಸುಮ್ನೆ ಮಲಗಿರ್ತಿದ್ದಳು. ಎಷ್ಟು ಒಳ್ಳೇ ಮಗು ಅಂತ ನಾನು..."

ಅವಳ ತಲೆಯ ಮೇಲೆ ಕೈಯಿಟ್ಟೆ.

ಜನವರಿ ೨೮

ಚಿಕ್ಕದು ಸದ್ದಾದತ್ತ ತಲೆ ತಿರುಗಿಸುತ್ತದೆ. ಮುಖ ಗುರುತಿಸಿ ಕೇಕೆ ಹಾಕುತ್ತದೆ. ಕಳೆದ ವಾರ ಅರಿವಿಲ್ಲದೆ ಚಪ್ಪಾಳೆ ತಟ್ಟಿದೆ. ಮಗಳು ಬಂದು ನನ್ನ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ದೊಡ್ಡವಳ ಮುಂದೆ ಬೇಡ, ಅಪ್ಪಾ."

"ಅವಳಿಗೆ ತಿಳಿಯುವುದಿಲ್ಲವಲ್ಲ."

"ನನಗೆ ತಿಳಿಯುತ್ತೆ."

ಅಂದಿನಿಂದ ಈ ಮನೆಯಲ್ಲಿ ಸಂತೋಷವನ್ನು ಬಾಗಿಲು ಮುಚ್ಚಿಕೊಂಡು ಪಡಲಾಗುತ್ತಿದೆ.

ಮೇ ೧೧

ಕಾರ್ಖಾನೆಯಲ್ಲಿ ಬೆಲ್ಟಿನ ಎರಡೂ ಅಂಚಿನಿಂದ, ನಡುವಿನಿಂದ, ಚೀಲದ ಬಾಯಿಯಿಂದ — ಎಲ್ಲ ಕಡೆಯಿಂದಲೂ ಚಿಟಿಕೆ ತೆಗೆಯುವುದು ಕಾಯಂ ಆಗಿದೆ. ಮೂತಿಗಳನ್ನು ದಿನವೂ ತೊಳೆಯುತ್ತಾರೆ. ಮಗಳಿಗೆ ಮೇಲ್ವಿಚಾರಕಿಯ ಹುದ್ದೆ. ಬುಟ್ಟಿ ಅಕ್ಕ ತನ್ನ ಮೊಮ್ಮಗನನ್ನು ತಂದು ತೋರಿಸಿದಳು. ಗುಂಡುಗುಂಡಾಗಿ, ನನ್ನ ಕನ್ನಡಕಕ್ಕೆ ಕೈ ಹಾಕುವ ಪೋಕರಿ. ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಬಟಾಣಿಯನ್ನು ಕಂಡು ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಟುಹೋದಳು.

ಬಟಾಣಿ ಎರಡು ಬೆರಳಿನಷ್ಟು ಎತ್ತರ ಬೆಳೆದಿದ್ದಾಳೆ. ಡಾಕ್ಟರಮ್ಮ ಹೇಳಿದಂತೆಯೇ. ಲೋಟ ತಾನೇ ಹಿಡಿದು ಕುಡಿಯುತ್ತಾಳೆ. ಪ್ರತಿದಿನ ಬೆಳಿಗ್ಗೆ ಎದುರು ಕೂರಿಸಿಕೊಂಡು ಒಂದೊಂದು ವಸ್ತು ತೋರಿಸಿ ಹೆಸರು ಹೇಳುತ್ತೇನೆ. ಬಾಗಿಲು. ಚೊಂಬು. ಚಪ್ಪಲಿ. ಅವಳು ವಸ್ತುವನ್ನು ನೋಡುವುದಿಲ್ಲ. ನನ್ನನ್ನೇ ನೋಡುತ್ತಾಳೆ. ಬೇಸರವಿಲ್ಲ. ನಾಳೆ ಪುನಃ ಹೇಳುವೆ.

ಆಗಸ್ಟ್ ೧೯, ಬೆಳಿಗ್ಗೆ

ಪಾಠಕ್ಕೆ ಕುಳಿತಿದ್ದೆವು. ಚಿಕ್ಕದು ಅಂಬೆಗಾಲಿಕ್ಕುತ್ತ ಬಂದು ನನ್ನ ಮೊಣಕಾಲು ಹಿಡಿದು ಎದ್ದು ನಿಂತಿತು. ಮುಖ ಎತ್ತಿ, ಸ್ಪಷ್ಟವಾಗಿ, "ತಾತ" ಎಂದಿತು.

ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಗಳಿಗೆ ಕೇಳಿಸಿದೆ. ಹೊರಗೆ ಬರಲಿಲ್ಲ.

ಮಗು ಮತ್ತೆ ಕರೆಯಿತು. ಓಗೊಡುವುದು ನ್ಯಾಯ. ಕೊಡಲಾಗಲಿಲ್ಲ. ಬಟಾಣಿ ಎದ್ದು ಬಂದಿದ್ದಳು. ತಂಗಿಯ ಬಾಯನ್ನೇ ನೋಡಿದಳು. ಬೆರಳು ಚಾಚಿ ಆ ತುಟಿ ಮುಟ್ಟಿದಳು. ಅದೇ ಬೆರಳನ್ನು ತನ್ನ ತುಟಿಯ ಮೇಲಿಟ್ಟುಕೊಂಡಳು. ನನ್ನ ಕಡೆ ತಿರುಗಿ ಬಾಯಿ ತೆರೆದಳು.

ಸ್ವರವಿಲ್ಲ.

ತಾಯಿ ಬಂದು ಚಿಕ್ಕದನ್ನು ಎತ್ತಿಕೊಂಡು ಹೋದಳು. ಬಟಾಣಿ ಕದಲಿಲ್ಲ. ಇದನ್ನು ಬರೆಯುತ್ತಿರುವಾಗಲೂ ಪಕ್ಕದಲ್ಲೇ ನಿಂತಿದ್ದಾಳೆ, ತೆರೆದ ಬಾಯಿ ಮುಚ್ಚಿಲ್ಲ, ಕಣ್ಣು ನನ್ನ ಮೇಲೆಯೇ. ಕರೆದಿದ್ದಾಳೆ ಎಂದೇ ತಿಳಿದು ನಾನು ಈಗ ಲೇಖನಿ ಕೆಳಗಿಟ್ಟು ಅವಳಿಗೆ —