ರದ್ದಾದ ಹಡಗು, ಆರು ಗಂಟೆಯ ಬಸ್ಸು

ಮಾರ್ಚ್ ೧೧, ಮಂಗಳವಾರ

ಹಡಗಿನ ಕಂಪನಿಯವರು ನಮ್ಮ ಪ್ರವಾಸ ರದ್ದು ಮಾಡಿದ್ದಾರೆ. ಕಿಟಕಿಯಿರುವ ಕೋಣೆ ಸಿಗಲೆಂದು ಎರಡು ವರ್ಷ ಮೊದಲೇ ಕಾದಿರಿಸಿದ್ದೆ. ಬೆಳಿಗ್ಗೆಯಿಂದ ಫೋನಿನಲ್ಲಿ ಗೋಗರೆದು ಸಾಕಾಯಿತು. ಮುಂದಿನ ವರ್ಷ ಬನ್ನಿ ಎನ್ನುತ್ತಾರೆ. ಅಕ್ಕನ ಕಣ್ಣು ಅಲ್ಲಿಯವರೆಗೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಅವಳು ಇದುವರೆಗೆ ಸಮುದ್ರವನ್ನೇ ನೋಡಿಲ್ಲ.

ಸಂಜೆ ಅವಳ ಹೊಲಿಗೆ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕೈಗೆ ಕೊಟ್ಟಳು.

"ಹೋಗ್ಲಿ ಬಿಡೇ. ನಾಳೆ ರಜೆ ಹಾಕೋಕಾಗುತ್ತಾ?"

"ಹಾಕ್ತೀನಿ. ಯಾಕಕ್ಕಾ?"

"ಬಸ್ಸಲ್ಲಿ ಹೋಗಿಬರೋಣ. ದಡದಲ್ಲಿ ನಿಂತು ನೋಡಿದ್ರೆ ಸಮುದ್ರ ಬೇಡ ಅನ್ನುತ್ತಾ?"

ಬೆಳಿಗ್ಗೆ ಆರಕ್ಕೆ ಬಸ್ಸು. ಈ ಎರಡು ವರ್ಷವೂ ಅದು ದಿನಾ ಆರಕ್ಕೆ ಹೊರಡುತ್ತಲೇ ಇತ್ತು. ಆಗ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ನಾನೇ, ಹಡಗಿನಲ್ಲೇ ತೋರಿಸುತ್ತೇನೆ, ಸ್ವಲ್ಪ ತಾಳು ಎನ್ನುತ್ತಾ ಬಂದೆ.