ಐದು, ಏಳು, ಐದು

೯ ಜನವರಿ ೧೯೪೩, ಶನಿವಾರ

ಮೆಸ್ಸಿನಲ್ಲಿ ಮತ್ತೆ ಬೆರಳು ಎಣಿಸುತ್ತ ಕೂತೆ. ಭಾಕರಿ ಆರಿಹೋಯಿತು. ರೂಮ್‌ಮೇಟ್ ಪ್ರಲ್ಹಾದ ನಕ್ಕ — "ಏನಲೇ ಹೊಳಬಸು, ಜಪಾ ಮಾಡಾಕತ್ತೀಯೇನು?"

ಜಪವಲ್ಲ, ಹೈಕು. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಬುಕ್‌ಲೆಟ್, ಬಿಗಿನರ್ಸ್‌ಗೆಂದೇ ಬರೆದದ್ದು. ಜಪಾನಿ ಪದ್ಯ. ಮೂರೇ ಸಾಲು — ಐದು, ಏಳು, ಐದು. ಕನ್ನಡದಲ್ಲಿ ನಾನು ಅಕ್ಷರ ಎಣಿಸುತ್ತೇನೆ. ಕಣ್ಣಿಗೆ ಕಂಡದ್ದಷ್ಟೇ ಬರಿ, ಮುಖ್ಯವಾದದ್ದನ್ನು ಹೇಳದೆ ಬಿಡು — ಇದು ಲೆಸನ್ ಟೂ.

ಅಣ್ಣನಿಗಾಗಿಯೇ ಕಲಿಯುತ್ತಿದ್ದೇನೆ. ಆಗಸ್ಟಿನ ಚಳವಳಿಯಲ್ಲಿ ಹಿಡಿದರು. ಇದೇ ಊರಿನ ಜೈಲು, ಆದರೂ ಭೇಟಿ ಇಲ್ಲ. ತಿಂಗಳಿಗೆ ಒಂದೇ ಪತ್ರ, ಅದೂ ನನ್ನ ಹೆಸರಿನಿಂದ ಮಾತ್ರ. ಅವ್ವನ ಸುದ್ದಿ ಅವನಿಗೆ ಮುಟ್ಟುವುದು ನನ್ನ ಕೈಯಿಂದಲೇ. ಕಳೆದ ಸಲ ಉದ್ದ ಬರೆದೆ, ಅರ್ಧಕ್ಕರ್ಧ ಮಸಿ ಬಳಿದು ಕೊಟ್ಟರಂತೆ. ಮೂರು ಸಾಲಿಗೆ ಯಾರು ಮಸಿ ಬಳಿದಾರು?

೧೬ ಜನವರಿ, ಮಧ್ಯಾಹ್ನ

ಕೂಡಿತು! ಜೈಲಿಗೆ ಹೋಗುವ ದಾರಿಯಲ್ಲಿ, ಸೇತುವೆಯ ಮೇಲೆ ನಿಂತೇ ಬರೆದೆ. ಮೊದಲು ಅವ್ವನ ಸುದ್ದಿ — ಸ್ವಲ್ಪ ಕೆಮ್ಮು, ಬೇರೆಲ್ಲ ಆರಾಮ. ಕೆಳಗೆ:

ಹಳೇ ಸೇತುವೆ
ಕಾಗೆಯೊಂದು ಕಾದಿದೆ
ನೀರಿಳಿಯಲಿ

ಅಣ್ಣನಿಗೆ ತಿಳಿಯಲೆಂದು ಪಕ್ಕದಲ್ಲಿ '೫–೭–೫, ಜಪಾನಿ ಪದ್ಧತಿ' ಎಂದು ಬರೆದು ಅಡಿಗೆರೆ ಎಳೆದೆ. ಗೇಟಿನಲ್ಲಿ ಕೊಟ್ಟೆ. ವಾಪಸು ಬರುವಾಗ ಓಡುತ್ತಲೇ ಬಂದೆ.

೨೮ ಜನವರಿ

ಜೈಲಿನ ಆಫೀಸಿಗೆ ಕರೆಸಿದ್ದರು. ಕನ್ನಡ ಪತ್ರಗಳನ್ನು ಓದುವ ಕ್ಲರ್ಕು ಮುರುಗೆಪ್ಪನವರು, ಬೆಳಗಾವಿ ಕಡೆಯವರು. ಪಕ್ಕದ ಕುರ್ಚಿಯಲ್ಲಿ ಸಾಹೇಬ. ಮೇಜಿನ ಮೇಲೆ ನನ್ನ ಪತ್ರ, ಹಾಗೇ ಇದೆ. ಅಣ್ಣನಿಗೆ ಕೊಟ್ಟೇ ಇಲ್ಲ.

"ತಮ್ಮಾ, ಈ ಐದು-ಏಳು-ಐದು ಏನಪಾ? ಗಾಡಿ ಟೈಮೇನು?"

"ಅಕ್ಷರದ ಲೆಕ್ಕರೀ. ಕವಿತಾ."

"ಕವಿತಾಕ ನಂಬರ್ ಯಾವಾಗಿಂದ ಹಚ್ಚಾಕತ್ತೀರಿ? ಅದೂ ಜಪಾನಿದು! ಬರ್ಮಾದ ತನಕಾ ಬಂದು ಕುಂತಾರ ಅವರು."

ಸಾಹೇಬ ಇಂಗ್ಲಿಷಿನಲ್ಲಿ ಕೇಳಿದ — ಈ ಕಾಗೆ ಯಾರು? ಕಾಗೆಯೇ ಸರ್, ಎಂದೆ. ನೀರು ಇಳಿದ ಮೇಲೆ ಏನು ಮಾಡುತ್ತದೆ? ಹೆದರಿಕೆಗೆ ಬಾಯಿಗೆ ಲೆಸನ್ ಟೂ ಬಂದುಬಿಟ್ಟಿತು: ಮುಖ್ಯವಾದದ್ದನ್ನು ಬಿಟ್ಟು ಬರೆಯಬೇಕು ಸರ್, ಅದೇ ರೂಲು.

ಸಾಹೇಬ ಪೆನ್ನು ಕೆಳಗಿಟ್ಟ.

"ಏನ್ ಬಿಟ್ಟಿ, ಅದನ್ನ ಹೇಳು," ಅಂದರು ಮುರುಗೆಪ್ಪನವರು, ಮೆಲ್ಲಗೆ.

ಅಣ್ಣನ ನೆನಪು ಅನ್ನಬೇಕಿತ್ತು. ಏನೂ ಇಲ್ಲರೀ, ಅಂದುಬಿಟ್ಟೆ.

ವಿಚಾರಣೆ ಮುಗಿಯುವ ತನಕ ನನ್ನ ಯಾವ ಕಾಗದವೂ ಒಳಗೆ ಹೋಗುವಂತಿಲ್ಲ.

೧೧ ಫೆಬ್ರವರಿ, ಬೆಳಿಗ್ಗೆ ೯

ಊರಿಂದ ಕಾಕಾನ ತಾರು: ಮದರ್ ಸೀರಿಯಸ್ ಸ್ಟಾರ್ಟ್. ಅಣ್ಣನಿಗೆ ತಿಳಿದರೆ ಪೆರೋಲಿಗೆ ಅರ್ಜಿ ಹಾಕಬಹುದು. ಪ್ರಲ್ಹಾದ ಸೈಕಲ್ ಕೀಲಿ ಕೊಟ್ಟ.

ಅದೇ ದಿನ, ೫ ಗಂಟೆ

ಮುರುಗೆಪ್ಪನವರು ತಾರನ್ನು ಎರಡು ಸಲ ಓದಿದರು. ಒಳಗೆ ಹೋಗಿ ಬಂದರು. ಮುಖ ಎತ್ತಲಿಲ್ಲ.

"ಮೂರಽ ಶಬ್ದ ಅದಾವಲ್ಲ, ಇದರಾಗೂ ಏನರೆ ಬಿಟ್ಟಾನೇನು ಅಂತ ಸಾಹೇಬ ಕೇಳಾಕತ್ತಾನ."

"ನಮ್ಮವ್ವರೀ..."

"ನಾ ನಂಬ್ತೀನೋ ತಮ್ಮಾ. ನಾ ನಂಬಿದ್ರ ಏನಾಗ್ತದ? ಫೈಲು ಮುಂಬೈಗೆ ಹೋಗ್ಯದ."

ಹೊರಗೆ ಬಂದು ಗೋಡೆಯ ಪಕ್ಕ ನಿಂತೆ. ಕೂಗಿದರೆ ಕೇಳಿಸುತ್ತಿತ್ತೇನೋ. ಕೂಗಲಿಲ್ಲ. ಗಾಡಿಗೆ ಹೊತ್ತಾಯಿತು.

೧೬ ಮಾರ್ಚ್, ಮಧ್ಯಾಹ್ನ ೩

ಊರಿಂದ ಬಂದು ಮೂರು ವಾರ. ಅಣ್ಣನ ಪಾಲಿನ ಹಿಡಿ ಮಣ್ಣನ್ನೂ ನಾನೇ ಹಾಕಿ ಬಂದೆ. ಅವನಿಗೆ ಇನ್ನೂ ಗೊತ್ತಿಲ್ಲ.

ಇವತ್ತು ಎರಡು ಕಾಗದ. ಒಂದು ಜೈಲಿನಿಂದ — ಫೈಲು ಬಂದಿದೆ, ಪತ್ರ ಬರೆಯಲು ಪರವಾನಗಿ. ಅಂಚಿನಲ್ಲಿ ಮುರುಗೆಪ್ಪನವರ ಕೈ: "ಸೀದಾ ಬರಿ ತಮ್ಮಾ. ಏನೂ ಬಿಡಬ್ಯಾಡ."

ಇನ್ನೊಂದು ಅಣ್ಣನದು. "ಯಾಕೋ, ಎರಡು ತಿಂಗಳಾತು ಪತ್ರ ಇಲ್ಲ? ಕಾಲೇಜಿನ ಗಾಳಿ ಬಡೀತೇನು? ಅವ್ವಗ ಹೇಳು, ಯುಗಾದಿಗೆ ನನ್ನ ಪಾಲಿನ ಹೋಳಿಗಿ ನಿನಗಽ ಹಾಕ್ಲಿ."

೪ ಗಂಟೆ

ಹಾಳೆ ತೆಗೆದೆ. ಸೀದಾ ಬರೆದೆ — ಅವ್ವ ಹೋದಳು.

ಬೆರಳು ತಾನೇ ಎಣಿಸಿತು. ಐದು.

ಹರಿದೆ. ಹೊಸ ಹಾಳೆ. ಮತ್ತೆ ಅದೇ ಐದು, ಹೈಕುವಿನ ಮೊದಲ ಸಾಲು. ಇನ್ನು ಇದರ ಕೆಳಗೆ ಏನು ಬರೆದರೂ —