ಐದನೆಯ ಮೀನು

ಅಘನಾಶಿನಿ ಕೋಡಿ
ಇಸವಿ ೨೧೯೪, ಹದಿಮೂರನೆಯ ತಿಂಗಳು, ತ್ರಯೋದಶಿ

ತುಳಸಿ ಅಂಬಿಗ ಅವರಿಗೆ, ನಿಮ್ಮ ಮೊಮ್ಮಗಳ ಮರಿಮಗಳು ನೇತ್ರು ಬರೆಯುವುದು.

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ. ದೊಡ್ಡವರಿಗೆ ಬರೆದು ಅಭ್ಯಾಸವಿಲ್ಲ. ಹದಿಮೂರನೆಯ ತಿಂಗಳು ವಿಚಿತ್ರ ಅನಿಸಿದರೆ ಕ್ಷಮಿಸಿ. ಕಡಲು ಮೇಲೆ ಬಂದ ನಂತರ ದೊಡ್ಡ ಉಬ್ಬರಗಳ ದಿನಗಳಿಗೆ ಬೇರೆಯೇ ತಿಂಗಳು ಇಟ್ಟಿದ್ದೇವೆ. ಆಗ ಮದುವೆಯಿಲ್ಲ, ಬಿತ್ತನೆಯಿಲ್ಲ. ಎಲ್ಲರ ಕಿವಿಯೂ ತಡೆಬಾಗಿಲಿನ ಕಡೆಗೇ. ತಡೆಬಾಗಿಲು ಅಂದರೆ ನಿಮ್ಮ ಮುಪ್ಪಿನಲ್ಲಿ ನೀವು ಕಂಪ್ಯೂಟರ್ ಜೋಡಿಸಿದ ಉಕ್ಕಿನ ಕದ. ನಮ್ಮ ಸಿಹಿನೀರಿನ ಕೆರೆಗೂ ಕಡಲಿಗೂ ನಡುವೆ ಇರುವುದು ಅದೊಂದೇ.

ಅದು ಈಗ ತೆರೆದೇ ಇದೆ. ಪಾಸ್‌ವರ್ಡ್ ಗೊತ್ತಿದ್ದ ಕಾವಲುಗಾರ ದುಗ್ಗಣ್ಣ, ಕೆರೆಯ ಹೆಚ್ಚಿನ ನೀರು ಹೊರಬಿಡಲು ಕದ ತೆರೆದಿಟ್ಟ ದಿನವೇ ಎದೆ ಹಿಡಿದುಕೊಂಡು ಸತ್ತ. ಯಾರಿಗೂ ಹೇಳಿರಲಿಲ್ಲ; ಹೇಳಬಾರದೆಂಬುದು ನಿಮ್ಮದೇ ನಿಯಮ. ನಲವತ್ತು ಜನ ಎಳೆದರೂ ಕದ ಅಲುಗಲಿಲ್ಲ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಕಂಪ್ಯೂಟರ್ ನೀವೇ ಇಟ್ಟ ಒಂದು ಪ್ರಶ್ನೆ ಕೇಳುತ್ತದೆ: ನಿಮಗೆ ಅತಿ ಇಷ್ಟದ ಮೀನು ಯಾವುದು? ಐದು ಸಲ ತಪ್ಪಿದರೆ ಮತ್ತೆಂದೂ ಕೇಳುವುದಿಲ್ಲ.

ನಾವು ನಕ್ಕೆವು. ನಿಮಗೆ ನೊಗಲಿ ಮೀನು ಇಷ್ಟವೆಂದು ಊರಿಗೆಲ್ಲ ಗೊತ್ತು. ನಿಮ್ಮ ಹೆಸರಿನಲ್ಲಿ ಎಡೆ ಇಡುವುದೂ ಅದನ್ನೇ. ನೊಗಲಿ ತಪ್ಪಾಯಿತು.

“ಆ ಮುದ್ಕಿಗೆ ನೊಗ್ಲಿ ತಿಂಬೂಕೆ ಹಲ್ಲೆಲ್ಲಿತ್ತೇ? ಬಂಗಡೆ ಅಂತ ಬರಿ!” ಅಂದಳು ನನ್ನ ಅತ್ತೆ ಮಾದೇವಿ. ಬಂಗಡೆಯೂ ತಪ್ಪು. ಇಸವಾಣ, ತಪ್ಪು. ಶೆಟ್ಲಿ, ಅದೂ ತಪ್ಪು.

ಆಮೇಲೆ ಹಳೇ ಪೆಟ್ಟಿಗೆಯಲ್ಲಿ ನಿಮ್ಮ ನೋಟ್‌ಬುಕ್ ಸಿಕ್ಕಿತು. ಕುಮಟೆಯ ಸೈಬರ್ ಕೆಫೆಯಲ್ಲಿ ನೀವು ಪಾಠ ಹೇಳುತ್ತಿದ್ದಾಗಿನದು. ಮೊದಲ ಕಂಪ್ಯೂಟರುಗಳು ನೆರೆಹೊರೆಯವರ ಹಾಗೆ ಒಂದನ್ನೊಂದು ನಂಬಿದ್ದವು, ಅಗುಳಿಯೇ ಇರಲಿಲ್ಲ. ಯಾರೋ ಬರೆದು ಬಿಟ್ಟ ‘ಹುಳ’ ಎಂಬ ಪ್ರೋಗ್ರಾಂ ಸಾವಿರಾರು ಯಂತ್ರಗಳನ್ನು ಮಲಗಿಸಿದ ಮೇಲೆ ಜನ ಬೀಗದ ಮಾತಾಡತೊಡಗಿದರು. ಆದರೂ ಬೀಗಕ್ಕೆ ಮಕ್ಕಳ ಹೆಸರಿಟ್ಟು, ಚೀಟಿ ಬರೆದು ಪರದೆಗೇ ಅಂಟಿಸಿದರು ಎಂದಿದ್ದೀರಿ. ಕೊನೆಯ ಪುಟದಲ್ಲಿ ಕೆಂಪು ಶಾಯಿ: ‘ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಡಿ. ನಿಜ ಊರಿಗೆಲ್ಲ ಗೊತ್ತಿರುತ್ತದೆ. ಸುಳ್ಳು ನಿಮಗೊಬ್ಬರಿಗೇ.’

ಅಂದರೆ ನೀವು ಕೊಟ್ಟ ಉತ್ತರವೂ ಸುಳ್ಳೇ. ಅದು ಮೀನೇ ಆಗಿರಬೇಕೆಂದಿಲ್ಲ. ಬೆಕ್ಕು, ಕೊಡೆ, ಏನೂ ಆಗಿರಬಹುದು.

“ಸುಳ್ ಹೇಳೂಕೆ ಬರದೇ ಮುಳುಗ್ತ್ರು ನಾವು, ಮಾರಾಯ್ತಿ,” ಅಂದಳು ಅತ್ತೆ. ಈ ಸಲ ನಗಲಿಲ್ಲ.

ಉಳಿದದ್ದು ಒಂದೇ ಸಲ. ನಾಡಿದ್ದು ಅಮಾವಾಸ್ಯೆಯ ಉಬ್ಬರ, ಕಡಲು ಕದದ ಹೊಸ್ತಿಲು ದಾಟುವುದು ಆಗಲೇ. ಆರುನೂರು ಜನ ಕುಡಿಯುವುದು ಈ ಕೆರೆಯ ನೀರನ್ನೇ.

ಏನನ್ನೂ ಬರೆದಿಡಬಾರದು ಎಂದವರು ನೀವು. ಒಂದೇ ಒಂದು ಸಲ ನಿಮ್ಮ ನಿಯಮ ಮುರಿಯಿರಿ. ಆ ಸುಳ್ಳನ್ನು ತಾಮ್ರದ ತಗಡಿನ ಮೇಲೆ ಕೊರೆದು ನಿಮ್ಮ ಒರಳುಕಲ್ಲಿನ ಅಡಿಗೆ ಇಡಿ. ಆ ಕಲ್ಲು ಇನ್ನೂ ನಮ್ಮ ಹಿತ್ತಲಲ್ಲೇ ಇದೆ. ಇವತ್ತಿನವರೆಗೂ ಯಾರೂ ಜರುಗಿಸಿಲ್ಲ. ಈ ಕಾಗದವನ್ನು ನಿಮ್ಮ ನೋಟ್‌ಬುಕ್ಕಿನೊಳಗೆ ಇಡುತ್ತೇನೆ. ನಿಮ್ಮ ಬೇರೆ ವಿಳಾಸ ನನಗೆ ಗೊತ್ತಿಲ್ಲ.

ಅತ್ತೆ ಹಾರೆ ಹಿಡಿದು ನಿಂತಿದ್ದಾಳೆ, ಈಗಲೇ ಕಲ್ಲು ಎತ್ತೋಣ ಅನ್ನುತ್ತಾಳೆ. ನಾನು ಬಿಡಲಿಲ್ಲ. ನಾಳೆ ಬೆಳಿಗ್ಗೆ ಎತ್ತುತ್ತೇವೆ. ನಿಮಗೆ ಬರೆಯಲು ಅಷ್ಟು ಹೊತ್ತಾದರೂ ಬೇಕಲ್ಲ.